ಫಕ್ಕೀರಪ್ಪನವರ ಪಾಳಿ

ಫಕ್ಕೀರಪ್ಪನವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೈಕಲ್ ಬರುವುದಿಲ್ಲ. ಅವರಿಗೆ ಇದು ಬರುತ್ತಿರಲಿಲ್ಲ. ಎದುರಿಗೆ ಕೂತು ಚಾ ಕುಡಿಯುತ್ತಿರುವವನಿಗೂ ರೈಲು ಹಳಿಯ ಆಚೆ ನಿಂತವನಿಗೆ ಹೇಳುವಂತೆಯೇ ಹೇಳುತ್ತಿದ್ದರು. ಗುಟ್ಟಿನ ಮಾತಾದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಆಗ ದನಿ ಇನ್ನಷ್ಟು ದೂರ ಹೋಗುತ್ತಿತ್ತು. “ನಮ್ಮ ಮನ್ಯಾಗ ಗಂಡ ಹೆಂಡ್ತಿ ಜಗಳ ಆದ್ರ ಅಣ್ಣಿಗೇರಿ ಟೇಸನ್ನಿನ್ಯಾಗ ಗಾಡಿ ನಿಂದರತೈತ್ರಿ” ಎಂದು ಅವರ ಹೆಂಡತಿ ನೀಲವ್ವ ಹೇಳುತ್ತಿದ್ದರು.

ಆ ದನಿಯೇ ಅವರ ಅನ್ನ. ಅಣ್ಣಿಗೇರಿಯ ಕಾಳಿನ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯ ಪರವಾಗಿ ಸವಾಲು ಕೂಗುವುದು ಅವರ ಕೆಲಸ. ರೈತರು ತಂದು ಸುರಿದ ಕಡಲೆ, ಹೆಸರುಕಾಳು, ಜೋಳದ ರಾಶಿಗಳ ಸುತ್ತ ಖರೀದಿದಾರರು ನೆರೆಯುತ್ತಿದ್ದರು. ಫಕ್ಕೀರಪ್ಪ ರಾಶಿಯ ಪಕ್ಕ ನಿಂತು ಒಂದು ಹಿಡಿ ಕಾಳೆತ್ತಿ, ಬೆರಳ ಸಂದಿಯಿಂದ ಸುರಿಸುತ್ತ ದರ ಏರಿಸುತ್ತಿದ್ದರು. ಕಡೆಗೆ ರೈತನ ಕಡೆ ತಿರುಗಿ “ಕೊಡತೀಯೇನಪಾ?” ಎನ್ನುತ್ತಿದ್ದರು. ಅವನು ಬಾಯಿಬಿಟ್ಟು “ಹೂಂ” ಅನ್ನಬೇಕು. ತಲೆಯಾಡಿಸಿದರೆ ನಡೆಯುತ್ತಿರಲಿಲ್ಲ. “ಗೋಣು ಎತ್ತೂ ಅಳ್ಳಾಡಸತೈತಿ. ಬಾಯಿ ಬಿಡು ಮಾರಾಯಾ” ಎಂದು ಗದರುತ್ತಿದ್ದರು.

ಆಮೇಲೆ ಕಂಪ್ಯೂಟರಿನಲ್ಲಿ ಟೆಂಡರ್ ಹಾಕುವ ಪದ್ಧತಿ ಬಂತು. ಖರೀದಿದಾರರು ಅಂಗಡಿಯಲ್ಲಿ ಕೂತೇ ಮೊಬೈಲಿನಲ್ಲಿ ದರ ಒತ್ತತೊಡಗಿದರು. ಲೆಕ್ಕಕ್ಕೆ ಫಕ್ಕೀರಪ್ಪನವರ ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಪರದೆಯ ಮೇಲೆ ಮೂಡಿದ ದರವನ್ನು ರೈತರು ನಂಬುತ್ತಿರಲಿಲ್ಲ. ಅದನ್ನು ಫಕ್ಕೀರಪ್ಪ ರಾಶಿಯ ಮುಂದೆ ನಿಂತು ಒದರಿದ ಮೇಲೆಯೇ ನಂಬುತ್ತಿದ್ದರು. ಅಂಗಡಿಯ ಮಾಲೀಕರು ಅವರನ್ನು ಉಳಿಸಿಕೊಂಡರು.

ನಾನು ಪತ್ರಿಕೆಗೆ ಬಂದ ಹೊಸತರಲ್ಲಿ ಪೇಟೆ ಧಾರಣೆ ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ಮಧ್ಯಾಹ್ನ ಅವರ ಫೋನು ಬರುತ್ತಿತ್ತು. “ಬರಕೊಳ್ರಿ ಪೇಪರ್ ಸರ!” ಎಂಬ ಮೊದಲ ಮಾತಿಗೇ ಫೋನನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯಬೇಕು. ನಾಲ್ಕು ಮೇಜುಗಳ ಆಚೆಗಿನವರೂ ಕಡಲೆಯ ದರ ಕೇಳಿಸಿಕೊಳ್ಳುತ್ತಿದ್ದರು. ಎಲ್ಲ ಹೇಳಿ ಮುಗಿಸಿ, “ನೋಡಿ ಹಾಕ್ರಿ. ತಪ್ಪ ಹಾಕಿದ್ರ ರೈತ ನಿಮ್ಮ ಪೇಪರಿನ್ಯಾಗ ರೊಟ್ಟಿ ಕಟಿಗೊಂಡ ಹೋಗತಾನ, ಓದೂದಿಲ್ಲ” ಎಂದು ಎಚ್ಚರಿಸಿ ಇಡುತ್ತಿದ್ದರು. ಹೀಗೆ ದನಿಯ ಪರಿಚಯವಾಗಿ ಎಷ್ಟೋ ತಿಂಗಳ ನಂತರ ಮನುಷ್ಯನನ್ನು ನೋಡಿದೆ. ಅಷ್ಟು ದೊಡ್ಡ ದನಿ ಅಷ್ಟು ಸಣ್ಣ ಎದೆಯಿಂದ ಬರುತ್ತಿದೆ ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಅವರಿಗೆ ಎರಡು ಹಟಗಳಿದ್ದವು.

ಒಂದು, ಪಾಳಿ. ಯಾರ ಮಾಲು ಮೊದಲು ಬಂದಿದೆಯೋ ಅವರದೇ ಮೊದಲು ಕೂಗಬೇಕು. ಒಮ್ಮೆ ದೊಡ್ಡ ಜಮೀನಿನ ಗೌಡರೊಬ್ಬರು ಟ್ರ್ಯಾಕ್ಟರ್ ತುಂಬ ಕಡಲೆ ತಂದು, “ಫಕ್ಕೀರಪ್ಪ, ನಮಗ ಮದುವಿಗೆ ಹೋಗೂದೈತಿ, ನಮ್ಮದೊಂದು ಮೊದಲ ಮುಗಸಿಬಿಡು” ಎಂದರು. ಫಕ್ಕೀರಪ್ಪ ಎಲ್ಲರಿಗೂ ಕೇಳುವಂತೆ ಹೇಳಿದರು: “ಗೌಡ್ರ, ನಿಮ್ಮ ಮಾಲು ಬಂಗಾರ ಐತ್ರಿ. ಆದ್ರ ಮುಂದ ಈ ಅಜ್ಜೀದು ಒಂದು ಚೀಲ ಹೆಸರುಕಾಳು ಐತಿ. ಅಕಿ ಮುಂಜಾನೆ ನಿಮ್ಮಕಿಂತ ಮೊದಲ ಎದ್ದಾಳ. ಮದುವ್ಯಾಗ ಊಟ ಕಡೀ ಪಂಕ್ತೀಗೂ ಇರತೈತಿ, ಕುಂದರ್ರಿ.” ಸುತ್ತಲಿನವರು ನಕ್ಕರು. ಗೌಡರೂ ನಗಬೇಕಾಯಿತು. “ಪಾಳಿ ಮುರದ್ರ ಪ್ಯಾಟಿ ಮುರೀತೈತಿ” ಎಂಬುದು ಅವರು ಆಗಾಗ ಹೇಳುತ್ತಿದ್ದ ಮಾತು.

ಇನ್ನೊಂದು, ಆರಾಮ. ನಮ್ಮ ಕಡೆ ಯಾರಾದರೂ “ಆರಾಮೇನ್ರಿ?” ಎಂದರೆ “ಆರಾಮ್ರೀ” ಎನ್ನುವುದು ಪದ್ಧತಿ. ಕಷ್ಟವಿದ್ದರೆ ಅದನ್ನು ಕೂತು, ನೀರು ಕುಡಿದು, ಆಮೇಲೆ ಹೇಳಬೇಕು. ಬಾಗಿಲಲ್ಲೇ ಹೇಳಿದರೆ ಎದುರಿನವನ ಹೆಗಲಿಗೆ ಮೂಟೆ ಹೊರಿಸಿದಂತೆ. ಎಲ್ಲರೂ ಪಾಲಿಸುವ ಈ ಪದ್ಧತಿಯನ್ನು ಫಕ್ಕೀರಪ್ಪ ವ್ರತದಂತೆ ಪಾಲಿಸುತ್ತಿದ್ದರು. ಒಂದು ಸಲ ಚೀಲಗಳ ಥಪ್ಪಿ ಜಾರಿ ಅವರ ಕಾಲಿನ ಮೇಲೆ ಬಿತ್ತು. ಆಸ್ಪತ್ರೆಗೆ ಒಯ್ಯುವ ಟಂಟಂನಲ್ಲಿ ಅವರನ್ನು ಮಲಗಿಸಿದ್ದಾಗ ನಾನು ಅಲ್ಲಿಗೆ ತಲುಪಿದೆ. “ಹೆಂಗದೀರಿ?” ಎಂದೆ. “ಆರಾಮ ಅದೀನ್ರಿ ಸರ. ಕಾಲೊಂದು ಮುರದೈತಿ” ಎಂದರು.

ಒಂದು ಸುಗ್ಗಿಯಲ್ಲಿ ಅವರ ಫೋನು ಬರುವುದು ನಿಂತಿತು. ಬದಲಿಗೆ ಅಂಗಡಿಯ ಗುಮಾಸ್ತ ದರಗಳನ್ನು ಮೊಬೈಲಿನಲ್ಲಿ ಬರೆದು ಕಳಿಸತೊಡಗಿದ. ಕೆಲಸ ಬಿಟ್ಟರೇನೋ ಎಂದು ವಿಚಾರಿಸಲು ಹೋದೆ. ಬಿಟ್ಟಿರಲಿಲ್ಲ, ಅಂಗಡಿಯ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ಅವರು ಸುಮ್ಮನೆ ಕೂತದ್ದನ್ನು ನೋಡಿದ್ದು ಅದೇ ಮೊದಲು. ನಾಲಿಗೆ ಭಾರವಾಗಿತ್ತು. ಮಾತು ಬಾಯೊಳಗೇ ಮಡಚಿಕೊಂಡು, ಒದ್ದೆ ಬಟ್ಟೆಯ ಹಾಗೆ ಹೊರಗೆ ಬೀಳುತ್ತಿತ್ತು. ಪೇಟೆಯಲ್ಲಿ ಕೆಲವರು ಬೆಳಿಗ್ಗೆಯೇ ಹಾಕಿಕೊಂಡು ಬರುತ್ತಾನೆ ಎಂದು ಆಡಿಕೊಳ್ಳತೊಡಗಿದ್ದರು. ಜೀವಮಾನದಲ್ಲಿ ಹೆಂಡ ಮುಟ್ಟದ ಮನುಷ್ಯ.

ನೀಲವ್ವ ಅದೇ ಪೇಟೆಯಲ್ಲಿ ಕಾಳು ಹಸನು ಮಾಡುವ ಹೆಂಗಸರ ಗುಂಪಿನಲ್ಲಿ ದುಡಿಯುತ್ತಿದ್ದರು. ಆ ಮಾತು ಅವರ ಕಿವಿಗೂ ಬಿತ್ತು. ಜರಡಿಯನ್ನು ಕೈಯಲ್ಲೇ ಹಿಡಿದುಕೊಂಡು ಎದ್ದು ಬಂದು ನಡುಪೇಟೆಯಲ್ಲಿ ನಿಂತರಂತೆ. “ಕುಡದಾನಂತ ಅಂದವ್ರು ಮುಂದ ಬರ್ರಿ. ಬಾಯಿ ಮೂಸಿ ನೋಡ್ರಿ. ವಾಸನಿ ಬಂದ್ರ ನಾ ಈ ಪ್ಯಾಟಿ ಬಿಡತೇನಿ. ಬರಲಿಲ್ಲಂದ್ರ ನೀವು ಏನ್ ಬಿಡತೀರಿ, ಅದನ್ನ ಮೊದಲ ಹೇಳ್ರಿ.” ಯಾರೂ ಮುಂದೆ ಬರಲಿಲ್ಲ.

ಹುಬ್ಬಳ್ಳಿಯಲ್ಲಿ ನರರೋಗದ ವೈದ್ಯರು ಪರೀಕ್ಷೆಗಳನ್ನು ಮಾಡಿಸಿ, ಇದು ಮೋಟಾರ್ ನ್ಯೂರಾನ್ ಕಾಯಿಲೆ ಎಂದರು. ಸ್ನಾಯುಗಳನ್ನು ನಡೆಸುವ ನರಗಳು ಒಂದೊಂದಾಗಿ ಸಾಯುತ್ತವೆ. ಕೆಲವರಿಗೆ ಕೈಕಾಲಿನಿಂದ ಶುರುವಾಗುತ್ತದೆ, ಇವರಿಗೆ ನಾಲಿಗೆಯಿಂದ ಶುರುವಾಗಿದೆ. ಮುಂದೆ ನುಂಗುವುದು, ಕೈ, ಕಾಲು, ಕಡೆಗೆ ಉಸಿರು. ವಾಸಿ ಮಾಡುವ ಔಷಧ ಇಲ್ಲ. ಬುದ್ಧಿಗೆ ಬಹುತೇಕ ಏನೂ ಆಗುವುದಿಲ್ಲ. ಆಗುತ್ತಿರುವುದನ್ನೆಲ್ಲ ಅದು ನೋಡುತ್ತಲೇ ಇರುತ್ತದೆ. ನಾನು ನೋಡಲು ಹೋದಾಗ ಫಕ್ಕೀರಪ್ಪ ಒಂದೊಂದೇ ಮಾತನ್ನು ಎತ್ತಿ ಎತ್ತಿ ಇಡುತ್ತ ಹೇಳಿದರು: “ಮೋಟಾರ್... ಸುಟ್ಟೈತಂತ್ರಿ ಸರ. ರಿವೈಂಡಿಂಗ್... ಆಗೂದಿಲ್ಲಂತ.” ಬೋರಿನ ಮೋಟಾರ್ ಸುಟ್ಟರೆ ತಂತಿ ಸುತ್ತಿಸಿ ಮತ್ತೆ ಇಳಿಸುವ ಸೀಮೆಯ ಮಾತು. ಹೇಳಿ ನನ್ನ ಮುಖ ನೋಡಿದರು. ನಾನು ನಗುವವರೆಗೂ ಬಿಡಲಿಲ್ಲ.

ಕಷ್ಟ ಇದ್ದದ್ದು ಇಲ್ಲಿ. ಅವರ ದುಡಿಮೆ ನಿಂತಿತ್ತು. ನೀಲವ್ವ ಪೇಟೆಗೆ ಹೋದರೆ ಒಲೆ ಉರಿಯುತ್ತಿತ್ತು, ಆದರೆ ಅವರು ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ಒಬ್ಬರೇ. ಒಂದು ದಿನ ನೆನೆಸಿದ ರೊಟ್ಟಿಯ ಚೂರು ಗಂಟಲಲ್ಲಿ ಸಿಕ್ಕಿ ಕಣ್ಣು ಮೇಲೆ ಹೋದವು. ಅದು ರವಿವಾರವಾಗಿದ್ದರಿಂದ ನೀಲವ್ವ ಮನೆಯಲ್ಲಿದ್ದರು. ಬೆನ್ನಿಗೆ ಗುದ್ದಿ ಹೊರಗೆ ತೆಗೆದರು. ಮಗಳು ಮಿಶ್ರಿಕೋಟಿಯ ಸೊಸೆ. ಎಳೆಯ ಕೂಸು, ಹಾಸಿಗೆ ಹಿಡಿದ ಅತ್ತೆ. ಗಂಡನ ಬೈಕಿನಲ್ಲಿ ಬಂದು ನೋಡಿಕೊಂಡು ಹೋಗುವಷ್ಟೇ ಅವಳ ಕೈಲಾಗುತ್ತಿತ್ತು. “ಹೋದ್ರ ಅಲ್ಲೆ ಜೀವ ಇರಂಗಿಲ್ಲ, ಹೋಗದಿದ್ರ ಇಲ್ಲೆ ಹಿಟ್ಟ ಇರಂಗಿಲ್ಲ” ಎಂದು ನೀಲವ್ವ ಹೇಳಿದ್ದು ಒಂದೇ ಸಲ.

ದಾರಿ ತೋರಿಸಿದವಳು ಮಂಜುಳಾ. ಅಣ್ಣಿಗೇರಿಯ ಪಕ್ಕದ ಅವರ ಹಳ್ಳಿಯ ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತೆ. ಅವಳದೂ ಒಂದು ಕಾಲು ಪೋಲಿಯೋದಿಂದ ಸಣ್ಣದು. ಹಿಂದೆ ಎರಡು ಗಾಲಿ ಹೆಚ್ಚಿಗೆ ಹಚ್ಚಿದ ಸ್ಕೂಟಿಯಲ್ಲಿ ಊರೂರು ಸುತ್ತುತ್ತಿದ್ದಳು. ಮಾಸಾಶನ ಇದೆ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೂ ಒಂದು ನೆರವು ಇದೆ, ಎರಡೂ ಸೇರಿದರೆ ನೀಲವ್ವ ಕೂಲಿ ಬಿಟ್ಟು ಮನೆಯಲ್ಲಿ ಇರಬಹುದು ಎಂದು ಅವಳೇ ಹೇಳಿದ್ದು. ಆದರೆ ಎಲ್ಲವೂ ವೈದ್ಯಕೀಯ ಮಂಡಳಿ ಕೊಡುವ ಅಂಗವಿಕಲತೆಯ ಪ್ರಮಾಣದ ಮೇಲೆ ನಿಂತಿತ್ತು. “ಕಾಕಾ, ಪರ್ಸೆಂಟೇಜ್ ಕಡಿಮಿ ಬಿತ್ತಂದ್ರ ಕಾಕೂ ಮತ್ತ ಜರಡಿ ಹಿಡಿಬೇಕ ನೋಡು” ಎಂದು ಆರಂಭದಲ್ಲೇ ಹೇಳಿದ್ದಳು.

ಜಿಲ್ಲಾ ಆಸ್ಪತ್ರೆಯಲ್ಲಿ ಮಂಡಳಿ ಕೂಡುವ ದಿನ ನಾನೂ ಅವರ ಜೊತೆ ಅದೇ ಬಸ್ಸಿನಲ್ಲಿ ಹೊರಟೆ; ಆ ತಪಾಸಣೆಯ ಶಿಬಿರದ ಬಗ್ಗೆ ಬರೆಯುವುದಿತ್ತು. ಬಸ್ ಸ್ಟ್ಯಾಂಡಿನಲ್ಲಿ ಫಕ್ಕೀರಪ್ಪನವರನ್ನು ನೋಡಿ ಮಂಜುಳಾ ಹಣೆ ಹಣೆ ಬಡಿದುಕೊಂಡಳು. ಕ್ಷೌರ ಮಾಡಿಸಿಕೊಂಡಿದ್ದರು. ಬಿಳಿ ಧೋತರ, ಇಸ್ತ್ರಿ ಮಾಡಿದ ನೆಹರು ಶರ್ಟು, ತಲೆಗೆ ಹೊಸ ರುಮಾಲು.

“ಏನ್ ಕಾಕಾ, ಹೆಣ್ಣು ನೋಡಾಕ ಹೊಂಟೀಯೇನು?”

“ಸಾಹೇಬ್ರ ಮುಂದ... ಹೊಲಸಾಗಿ... ಹೋಗೂದೇನ?” ಎಂದರು ಫಕ್ಕೀರಪ್ಪ.

“ನಾ ಹೇಳೇನವಾ. ಕೇಳಬೇಕಲ್ಲ” ಎಂದರು ನೀಲವ್ವ. “ಮುಂಜಾನೆ ಎದ್ದು ಎಣ್ಣಿ ಹಚ್ಚಸ್ಕೊಂಡು ಜಳಕಾ ಮಾಡ್ಯಾರ, ಅಳ್ಯಾನ ಗತೆ.”

ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತರು. ತುಟಿಗಳು ಅಲುಗುತ್ತಿದ್ದವು. ಜಪ ಮಾಡುತ್ತಿದ್ದಾರೆ ಎಂದುಕೊಂಡೆ. ಹುಬ್ಬಳ್ಳಿ ದಾಟಿದ ಮೇಲೆ ಗೊತ್ತಾಯಿತು, ಅವರು ಒಂದು ವಾಕ್ಯವನ್ನು ರೂಢಿ ಮಾಡಿಕೊಳ್ಳುತ್ತಿದ್ದರು.

ಮಂಡಳಿಯ ಕೋಣೆಯ ಮುಂದೆ ದೊಡ್ಡ ಸಾಲಿತ್ತು. ಊರುಗೋಲುಗಳು, ಗಾಲಿಕುರ್ಚಿಗಳು, ಎತ್ತಿಕೊಂಡು ಬಂದ ಮಕ್ಕಳು. ಮಂಜುಳಾ ಒಳಗೆ ಮಾತಾಡಿ ಮೊದಲೇ ಕರೆಸುತ್ತೇನೆ ಎಂದಾಗ ಫಕ್ಕೀರಪ್ಪ ಅವಳ ಕೈ ಹಿಡಿದು ಕೂರಿಸಿದರು. ಅವರ ಹೆಸರು ಬರುವಾಗ ಮಧ್ಯಾಹ್ನ ಕಳೆದಿತ್ತು. ಬಾಗಿಲು ತೆರೆದೇ ಇದ್ದುದರಿಂದ ಮುಂದಿನದು ನಮಗೆಲ್ಲ ಕಾಣುತ್ತಿತ್ತು, ಕೇಳುತ್ತಿತ್ತು.

ಅವರು ಯಾರ ಆಸರೆಯೂ ಇಲ್ಲದೆ ಒಳಗೆ ನಡೆದರು. ವೈದ್ಯರು ಒಳ್ಳೆಯವರು, ಇಡೀ ದಿನ ಕೂತು ದಣಿದಿದ್ದರೂ ನಗುಮುಖದಿಂದ ಕೇಳಿದರು: “ಏನ್ ಯಜಮಾನ್ರ, ಆರಾಮೇನ್ರಿ?”

ಫಕ್ಕೀರಪ್ಪ ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಟ್ಟುಮಾಡಿ, ಸವಾಲಿನ ಕಟ್ಟೆಯ ಮೇಲೆ ನಿಂತಂತೆ ನೆಟ್ಟಗೆ ನಿಂತು ಹೇಳಿದರು: “ಅಗದೀ ಆರಾಮ ಅದೀನ್ರಿ ಸಾಹೇಬ್ರ! ತಾವು?”

ಒಂದು ಅಕ್ಷರವೂ ಜಾರಲಿಲ್ಲ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ಪಕ್ಕದಲ್ಲಿದ್ದ ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ವೈದ್ಯರು ಕೈ ಹಿಡಿ ಎಂದರು, ಅವರು ಗಟ್ಟಿಯಾಗಿ ಹಿಡಿದರು. ನಡೆ ಎಂದರು, ನಡೆದರು. ಮೇಜಿನಿಂದ ಜಾರಿ ಬಿದ್ದ ಪೆನ್ನನ್ನು ಬಗ್ಗಿ ಎತ್ತಿಕೊಟ್ಟರು. ವೈದ್ಯರು ಕಂಡದ್ದನ್ನು ಬರೆದರು. ಪ್ರಮಾಣ ಬೇಕಾದುದಕ್ಕಿಂತ ಬಹಳ ಕೆಳಗೆ ಬಿತ್ತು.

ವೈದ್ಯರದು ತಪ್ಪೆಂದು ನಾನು ಆಗಲೂ ಬರೆಯಲಿಲ್ಲ, ಈಗಲೂ ಬರೆಯುವುದಿಲ್ಲ. ಒಂದು ತಿಂಗಳಲ್ಲಿ ಎಲ್ಲೋ ಒಮ್ಮೆ ಸಿಗುವ ಅತ್ಯುತ್ತಮ ಹತ್ತು ನಿಮಿಷಗಳನ್ನು ಫಕ್ಕೀರಪ್ಪ ಅವರೆದುರು ಇಟ್ಟಿದ್ದರು. ಹೊರಗೆ ಬಂದವರೇ ಬೆಂಚಿನ ಮೇಲೆ ಕುಸಿದರು. ತಲೆ ಎದೆಗೆ ಬಿತ್ತು. ಜೊಲ್ಲು ಇಸ್ತ್ರಿಯ ಅಂಗಿಯ ಮೇಲೆ ಇಳಿಯಿತು. ಮಂಜುಳಾಳ ಕಣ್ಣಲ್ಲಿ ನೀರಿತ್ತು, ಬಾಯಿ ಮಾತ್ರ ಬಿಡಲಿಲ್ಲ: “ಅಲ್ಲ ಕಾಕಾ, ಒಳಗ ಏನ್ ನಿನ್ನ ಕುಸ್ತಿಗೆ ಆರಿಸಾಕ ಕುಂತಿದ್ರೇನು? ತಾವು ಅಂತ ಬ್ಯಾರೆ ಕೇಳತಿ! ಅವರಿಗೇನಾಗೇತಿ ಧಾಡಿ?” ಮರಳುವ ಬಸ್ಸಿನ ಮೆಟ್ಟಿಲನ್ನು ಫಕ್ಕೀರಪ್ಪನವರಿಂದ ಹತ್ತಲಾಗಲಿಲ್ಲ. ಕಂಡಕ್ಟರ್ ಮತ್ತು ನಾನು ಎತ್ತಿ ಕೂರಿಸಿದೆವು.

ಮತ್ತೆ ಅರ್ಜಿ, ಮತ್ತೆ ಸಾಲು. ನಮ್ಮ ಕಡೆ ಬೆಣ್ಣಿಹಳ್ಳ ಉಕ್ಕಿ ಏರುವಾಗ ನೀರು ಎಲ್ಲಿಗೆ ಬಂದಿದೆ ಎಂದು ದಂಡೆಯ ಕಲ್ಲಿಗೆ ಗುರುತು ಹಾಕಿ, ಊರಿಗೆ ಹೋಗಿ ಹೇಳಿ ಬರುವಷ್ಟರಲ್ಲಿ ಆ ಕಲ್ಲೇ ಮುಳುಗಿರುತ್ತದೆ. ಈ ಕಾಯಿಲೆಯೂ ಹಾಗೆ. ಪರೀಕ್ಷೆಯ ದಿನ ಬರೆದದ್ದು ಕಾಗದ ಕೈಗೆ ಬರುವ ದಿನಕ್ಕೆ ಸುಳ್ಳಾಗಿರುತ್ತಿತ್ತು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಫಕ್ಕೀರಪ್ಪ ಎದ್ದು ನಿಲ್ಲುವುದನ್ನು ಬಿಟ್ಟಿದ್ದರು. ನೀಲವ್ವ ಪೇಟೆಗೆ ಹೋಗುತ್ತಲೇ ಇದ್ದರು. ಬೆಳಿಗ್ಗೆ ಗಂಜಿ ಕುಡಿಸಿ, ಗೋಡೆಗೆ ಒರಗಿಸಿ, ಸುತ್ತ ದಿಂಬು ಜೋಡಿಸಿ, ಪಕ್ಕದ ಮನೆಯವರಿಗೆ ಹೇಳಿ ಹೋಗುವುದು. ಮಧ್ಯಾಹ್ನ ಸಿಕ್ಕಿದ ಟಂಟಂ ಹತ್ತಿ ಬಂದು ಉಸಿರಿದೆಯೇ ನೋಡಿ ಹೋಗುವುದು.

ಆಗ ಜಿಲ್ಲೆಯಲ್ಲಿ ಒಂದು ಹೊಸ ವ್ಯವಸ್ಥೆ ಬಂತು. ಬೇಗ ಬೇಗ ಏರುವ ಗಂಭೀರ ಕಾಯಿಲೆಯವರನ್ನು ಸಾಲಿನಲ್ಲಿ ನಿಲ್ಲಿಸಬಾರದು, ಅವರ ಅರ್ಜಿಯನ್ನು ಎಲ್ಲಕ್ಕಿಂತ ಮೊದಲು ಎತ್ತಿಕೊಳ್ಳಬೇಕು, ವೈದ್ಯರೇ ಮನೆಗೆ ಹೋಗಿ ನೋಡಬೇಕು ಎಂದು. ಮಂಜುಳಾ ಸುದ್ದಿ ತಂದಳು. ಮರುದಿನ ನನಗೆ ಫೋನ್ ಮಾಡಿದಳು: “ಸರ, ಕಾಕಾ ಒಲ್ಲೆ ಅನ್ನಾಕತ್ಯಾನ್ರಿ. ನೀವಾದ್ರೂ ಬಂದು ಹೇಳ್ರಿ.”

ಹೋದೆ. ಫಕ್ಕೀರಪ್ಪ ಗೋಡೆಗೆ ಒರಗಿದ್ದರು. ಮಾತು ಅಷ್ಟರಲ್ಲಿ ಹೆಚ್ಚೂಕಡಿಮೆ ಹೋಗಿತ್ತು. ಒಂದೊಂದು ಪದಕ್ಕೆ ಒಂದೊಂದು ಉಸಿರು.

“ಹಿಂದ... ಬಂದು... ಮುಂದ... ಹೋಗೂದ?”

ನನಗೆ ಅರ್ಥವಾಯಿತು. ಇಡೀ ಆಯುಷ್ಯ ಯಾರನ್ನೂ ಪಾಳಿ ಮುರಿಯಲು ಬಿಡದ ಮನುಷ್ಯನಿಗೆ, ನೀನು ಎಲ್ಲರಿಗಿಂತ ಮುಂದೆ ಹೋಗು ಎಂದು ಸರ್ಕಾರ ಹೇಳುತ್ತಿತ್ತು. ಆ ಕೋಣೆಯ ಮುಂದಿನ ಸಾಲನ್ನು ಅವರು ಕಣ್ಣಾರೆ ನೋಡಿದ್ದರು.

“ಕಾಕಾ, ಹೋದ ವರ್ಸ ನವಲಗುಂದ ಕಡೆ ಒಬ್ಬ ಅಕ್ಕಾಗ ಹಿಂಗ ಪಾಳಿ ಕಾಯಿಸಿ ಕಾಯಿಸಿ ಮಂಜೂರಾತು” ಎಂದಳು ಮಂಜುಳಾ. “ನಾ ಕಾಗದ ತಗೊಂಡು ಹೋದ್ರ ಅಕಿ ಫೋಟೋಕ್ಕ ಹೂವಿನ ಮಾಲಿ ಹಾಕಿದ್ರು. ಯಾರಿಗೆ ಕೊಡ್ಲಿ ಅದನ್ನ?”

ಅವರು ಅಲುಗಲಿಲ್ಲ. ಒಲೆಯ ಮುಂದಿದ್ದ ನೀಲವ್ವ ಕೈ ಒರೆಸಿಕೊಳ್ಳುತ್ತ ಬಂದು ಅವರ ಎದುರಿಗೆ ಕುಕ್ಕರುಗಾಲಲ್ಲಿ ಕೂತರು.

“ಒಂದ ಮಾತು ಕೇಳತೀನಿ, ಖರೇ ಹೇಳು. ಮಳಿ ಮಾಡ ಹಾಕಿದಾಗ ಪ್ಯಾಟ್ಯಾಗ ನೀ ಏನ್ ಮಾಡತಿದ್ದಿ?”

ಫಕ್ಕೀರಪ್ಪ ಅವರನ್ನೇ ನೋಡಿದರು.

“ಶೆಡ್ಡಿನ ಒಳಗಿನ ರಾಶಿ ಮೊದಲ ಕೂಗತಿದ್ದ್ಯೋ, ಹೊರಗ ಬಯಲಾಗ ಬಿದ್ದದ್ದು ಮೊದಲ ಕೂಗತಿದ್ದ್ಯೋ? ಬಯಲಾಗಿನ ಮಾಲಿಗೆ ಪಾಳಿ ಇಲ್ಲಲೇ, ಮಳಿ ನಿಮ್ಮಪ್ಪನ ಪಾಳಿ ಕಾಯೂದಿಲ್ಲ ಅಂತ ಒದರತಿದ್ದಿಲ್ಲೇನು? ಶೆಡ್ಡಿನ್ಯಾಗಿನವ್ರು ಯಾರರೆ ಒಬ್ಬರು ತಕರಾರ ಮಾಡ್ಯಾರೇನು?”

“ಈಗ ನಮ್ಮ ರಾಶಿ ಬಯಲಾಗೈತಿ” ಎಂದರು ನೀಲವ್ವ.

ನಾನು ಪೇಟೆಯಲ್ಲಿ ಅದನ್ನು ನೋಡಿದ್ದೆ. ಮೊದಲ ಹನಿ ಬೀಳುವ ಮುನ್ನ ಫಕ್ಕೀರಪ್ಪ ಸಾಲು ಬಿಟ್ಟು ಅಂಗಳಕ್ಕೆ ಓಡುತ್ತಿದ್ದುದನ್ನು, ಖರೀದಿದಾರರೆಲ್ಲ ಅವರ ಹಿಂದೆ ಓಡುತ್ತಿದ್ದುದನ್ನು. ಅದು ಪಾಳಿ ಮುರಿದಂತೆ ಎಂದು ಯಾರಿಗೂ ಅನ್ನಿಸಿದ್ದಿಲ್ಲ.

ಫಕ್ಕೀರಪ್ಪ ಮಂಜುಳಾಳ ಕಡೆ ಕಣ್ಣು ತಿರುಗಿಸಿದರು. “ಬಯಲಾಗ... ಮತ್ತ... ಯಾರು?”

“ನಿನ್ನಂಗ ಲಗೂ ಲಗೂ ಏರೂ ಜಡ್ಡಿನವ್ರೇನು? ಬಾಜೂ ಊರಾಗ ಒಬ್ಬಾಕಿ ಅದಾಳ, ಮಾಂಸಖಂಡದ ಜಡ್ಡು. ಕಾಲೇಜ್ ಬಿಟ್ಟು ಮನ್ಯಾಗ ಕುಂತಾಳ.”

“ಅಕೀದು... ಮೊದಲ.”

ಮಂಜುಳಾ ಮೂಗು ಒರೆಸಿಕೊಳ್ಳುತ್ತ ನಕ್ಕಳು. “ಆತು ಮಾರಾಯಾ. ಡಾಕ್ಟರು ಬಂದ ದಿವಸ ಮುಂಜಾನೆ ಅಕೀದು, ಮಧ್ಯಾಹ್ನ ನಿಂದು. ಇಲ್ಲೂ ಸವಾಲ್ ನಡಸು ನೀ!”

ಹಾಗೆಯೇ ಆಯಿತು. ವೈದ್ಯರ ತಂಡ ಬೆಳಿಗ್ಗೆ ಆ ಹುಡುಗಿಯ ಮನೆಗೆ ಹೋಗಿ ಮಧ್ಯಾಹ್ನ ಇವರಲ್ಲಿಗೆ ಬಂತು. ಮತ್ತೆ ರುಮಾಲಿನ ಜಗಳ. ಎಬ್ಬಿಸಿ ಕೂರಿಸಬೇಕು, ರುಮಾಲು ಸುತ್ತಬೇಕು ಎಂದು ಅವರು ಕಣ್ಣಲ್ಲೇ ಹಟ ಹಿಡಿದರು. ನೀಲವ್ವ ಒಪ್ಪಲಿಲ್ಲ. ಕಡೆಗೆ ದಿಂಬಿಗೆ ಒರಗಿ ಮಲಗಿದವರ ತಲೆಗೇ ರುಮಾಲು ಸುತ್ತಿ ರಾಜಿಯಾಯಿತು. ಯುವ ವೈದ್ಯೆಯೊಬ್ಬರು ಹಾಸಿಗೆಯ ಪಕ್ಕ ಕೂತು, “ಹೇಗಿದ್ದೀರಿ ಅಜ್ಜಾರ?” ಎಂದರು.

ಫಕ್ಕೀರಪ್ಪ ಬಲಗೈಯನ್ನು ಇಂಚಿಂಚಾಗಿ ಎಳೆದು ಎದೆಯ ಮೇಲೆ ತಂದರು. ಅಂಗೈ ಬಿಚ್ಚಿದರು. ಅದರ ಅರ್ಥ ನಮಗೆಲ್ಲ ಗೊತ್ತಿತ್ತು. ಆರಾಮ.

“ಸುಳ್ಳ್ರೀ ಡಾಕ್ಟರ್ ಬಾಯಾರ!” ಎಂದು ನೀಲವ್ವ ಅಡುಗೆಮನೆಯ ಬಾಗಿಲಿನಿಂದ ಕೂಗಿದರು. ನಾಲ್ಕು ಜನ ಹೊರಗಿನವರ ಮುಂದೆ ಗಂಡನ ಮಾತನ್ನು ಅವರು ಕಡಿದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. “ಇವರು ಹುಟ್ಟಿದಾಗಿಂದ ಆರಾಮನ ಅದಾರ. ಕಾಲ ಮುರದಾಗೂ ಆರಾಮ, ಅವರವ್ವ ಸತ್ತಾಗೂ ಆರಾಮ. ಇವರನ್ನ ಕೇಳಬ್ಯಾಡ್ರಿ, ನನ್ನ ಕೇಳ್ರಿ. ಒಂದು ವಾಟ್ಗಾ ಗಂಜಿ ಕುಡಸೂದ್ರಾಗ ಹೊಸ್ತಿಲದಾಗಿನ ಬಿಸಲು ಒಳಕಲ್ಲಿಗೆ ಬರತೈತಿ. ಅರ್ಧ ಒಳಗ ಹೋದ್ರ ಅರ್ಧ ಮೂಗಿನ್ಯಾಗ ಬರತೈತಿ. ಅಂಗಾತ ಮಲಗಿದ್ರ ಉಸರು ಸಿಗಂಗಿಲ್ಲ, ಕುಂತ ನಿದ್ದಿ ಮಾಡತಾರ. ನಾ ಪ್ಯಾಟಿಗೆ ಹೋಗಿ ಬರೂದ್ರಾಗ ಹೆಂಗಿರತಾರೋ ಅಂತ ದಿನಾ ಸಾಯತೀನಿ. ಆರಾಮಂತ, ಆರಾಮ! ನಾಚಿಕಿ ಇಲ್ಲದ ಮುದುಕ!”

ಫಕ್ಕೀರಪ್ಪ ಅವರನ್ನು ದುರುಗುಟ್ಟಿ ನೋಡಿದರು. ಆಮೇಲೆ ಅವರ ಭುಜ ಅಲುಗತೊಡಗಿತು. ನಗುತ್ತಿದ್ದರು. ದನಿಯಿಲ್ಲದ ನಗು. ಅದು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ತುಟಿ ನೀಲಿಗಟ್ಟಿತು. ವೈದ್ಯೆ ಕಾಗದ ಬಿಟ್ಟು ಎದ್ದು ಬೆನ್ನು ಹಿಡಿದರು. ಉಸಿರು ಮರಳಿದ ಮೇಲೆ ಅವರು ಮುಂದೇನೂ ಕೇಳಲಿಲ್ಲ. ಬರೆದರು.

ಮಂಜೂರಾತಿ ಬೇಗ ಬಂತು. ನನ್ನ ಪತ್ರಿಕಾ ಜೀವನದಲ್ಲಿ ಸರ್ಕಾರಿ ಕಾಗದವೊಂದು ಅಷ್ಟು ಬೇಗ ಹಳ್ಳಿಯ ಮನೆ ತಲುಪಿದ್ದನ್ನು ನಾನು ಹೆಚ್ಚು ಕಂಡಿಲ್ಲ. ಆ ದಿನವೇ ನೀಲವ್ವ ಕೂಲಿಯ ಗುಂಪಿನವರಿಗೆ ನಾಳೆಯಿಂದ ಬರುವುದಿಲ್ಲ ಎಂದು ಹೇಳಿ ಕಳಿಸಿದರು.

ಕಡೆಯ ಸಲ ನೋಡಿದ್ದು ಒಂದು ಮಧ್ಯಾಹ್ನ. ಮದುವೆಯಾದಾಗಿನಿಂದ ಇಬ್ಬರೂ ಹೊರಗೆ ದುಡಿದವರು. ಹಗಲಿನಲ್ಲಿ ಒಂದೇ ಸೂರಿನ ಕೆಳಗೆ ಕೂತದ್ದೇ ಅಪರೂಪ. ಈಗ ದಿನವಿಡೀ ಕೂತಿದ್ದರು. ನೀಲವ್ವ ಚಮಚದಿಂದ ಗಂಜಿ ಕುಡಿಸುತ್ತ ಊರಿನ ಸುದ್ದಿಯನ್ನೆಲ್ಲ ಒಂದೇ ಸಮನೆ ಹೇಳುತ್ತಿದ್ದರು. ಯಾರ ಎಮ್ಮೆ ಈದಿತು, ಯಾರ ಸೊಸೆ ತವರಿಗೆ ಹೋದಳು. ನಡುವೆ ಫಕ್ಕೀರಪ್ಪ ಕಣ್ಣು ಮುಚ್ಚಿದರು. ನಾನು ಗಾಬರಿಯಾಗಿ ಮುಂದೆ ಬಾಗಿದೆ.

“ಏನಿಲ್ಲ ಕುಂದರ್ರಿ ಸರ” ಎಂದರು ನೀಲವ್ವ. “ಕಣ್ಣ ಮುಚ್ಚಿದ್ರ ಸಾಕು ಮಾಡು ನಿನ್ನ ವಟವಟ ಅಂತ ಅರ್ಥ. ನಾ ಸಾಕ ಮಾಡಂಗಿಲ್ಲ. ಇಷ್ಟ ವರ್ಸ ಇವರು ಒದರಿದ್ದು ನಾ ಕೇಳೇನಿ, ಈಗ ಇವರು ಕೇಳ್ಲಿ.”

ಮುಚ್ಚಿದ ಕಣ್ಣಿನ ಅಂಚಿನಲ್ಲಿ ಸುಕ್ಕು ಮೂಡಿತು. ನಾನು ಎದ್ದಾಗ ಕಣ್ಣು ತೆರೆದು, ಮೊದಲು ನನ್ನನ್ನು, ಆಮೇಲೆ ಒಲೆಯನ್ನು ನೋಡಿದರು. ಚಾ ಕುಡಿಯದೆ ಹೋಗುವಂತಿರಲಿಲ್ಲ. ಕುಡಿದು ಬಂದೆ.

ಹಿಂಗಾರಿ ಕಡಲೆ ಪೇಟೆಗೆ ಬರುವ ಮುನ್ನ ಅವರು ಹೋದರು. ಸುದ್ದಿ ತಿಳಿಸಿದವಳು ಮಂಜುಳಾ. ಹೊಲದಲ್ಲಿ ಮಣ್ಣು ಮಾಡುವಾಗ ದಲಾಲರು, ಹಮಾಲರು, ಸುತ್ತಲಿನ ರೈತರು ನೆರೆದಿದ್ದರು.

ಮಾಸಾಶನ, ನೆರವು ಎರಡೂ ನಿಂತವು, ನಿಲ್ಲಲೇಬೇಕು. ಆ ಸುಗ್ಗಿಯಲ್ಲಿ ಪೇಟೆಗೆ ಹೋದಾಗ ನೀಲವ್ವ ಶೆಡ್ಡಿನ ಮೂಲೆಯಲ್ಲಿ ಹೆಂಗಸರ ನಡುವೆ ಕೂತು ಕಡಲೆ ಹಸನು ಮಾಡುತ್ತಿದ್ದರು. ಪಕ್ಕದಲ್ಲಿ ಕೂತೆ. ಮಗಳ ಕೂಸಿನ ವಿಷಯ ಮಾತಾಡಿದೆವು. ಹಾಗೆ ಬೇಗ ಮಂಜೂರು ಮಾಡಿ ಕೊಡುವ ವ್ಯವಸ್ಥೆಯ ಬಗ್ಗೆ ಮತ್ತೆ ಬರೆಯಬೇಕೆಂದಿದ್ದೇನೆ, ಇಷ್ಟು ಕಡಿಮೆ ಸಮಯ ಸಿಕ್ಕಿದ ಆ ನೆರವಿನಿಂದ ನಿಮಗೇನಾಯಿತು ಎಂದು ಕೇಳಿದೆ. ಅವರು ಜರಡಿ ನಿಲ್ಲಿಸಿದರು.

“ಏನಾತು ಅಂದ್ರ?” ಎಂದರು. “ಅವರು ಹೋದಾಗ ಮಧ್ಯಾಹ್ನರಿ ಸರ. ಬಿಸಲು ಚೊಲೋ ಇತ್ತು. ನನ್ನ ತೊಡಿ ಮ್ಯಾಲೆ ತಲಿ ಇಟ್ಟಿದ್ರು.” ಕೈಯಲ್ಲಿದ್ದ ಜರಡಿಯನ್ನು ನೋಡಿಕೊಂಡರು. “ಆ ಹೊತ್ತಿನ್ಯಾಗ ನಾ ಇಲ್ಲೆ ಕುಂತಿರಲಿಲ್ಲ.”